ಆಯ್ದಕ್ಕಿ ಲಕ್ಕಮ್ಮನವರ ನಿಷ್ಠುರ ವಿನಯ

ಬಸವಣ್ಣನವರ ವಚನಗಳನ್ನು ಕ್ರಮವಾಗಿ ಓದುವ ಅಭ್ಯಾಸಿಗೆ ಒಂದು ಸಂದೇಹ ಬಾರದೆ ಇರದು. ಒಂದೆಡೆ ಅವರು ಮೃದುವಾದ ಮಾತನ್ನೇ ಜಪವೆಂದೂ ತಪವೆಂದೂ ಬಣ್ಣಿಸುತ್ತಾರೆ. ಮನೆಗೆ ಬಂದವರನ್ನು ಕುಶಲ ಕೇಳಿ ಕುಳ್ಳಿರಿಸದವರನ್ನು ಕಟುವಾಗಿ ಖಂಡಿಸುತ್ತಾರೆ. ಇನ್ನೊಂದೆಡೆ ತಾವು ನ್ಯಾಯನಿಷ್ಠುರಿಗಳೆಂದೂ, ದಾಕ್ಷಿಣ್ಯಕ್ಕೆ ಕಟ್ಟುಬಿದ್ದವರಲ್ಲವೆಂದೂ, ಲೋಕವೆಲ್ಲ ಎದುರಾದರೂ ಶರಣನಾದವನು ಯಾರಿಗೂ ಅಂಜಬೇಕಾದುದಿಲ್ಲವೆಂದೂ ಸಾರುತ್ತಾರೆ. ಈ ಎರಡು ಮಾತುಗಳು ಒಂದೇ ಬಾಯಿಂದ ಬಂದವು. ಮೃದುವಾಗಿ ನುಡಿಯಬೇಕಾದವನು ನಿಷ್ಠುರನಾಗುವುದು ಹೇಗೆ? ನಿಷ್ಠುರನಾದವನ ಮಾತು ಕೇಳುವವನ ಎದೆಯನ್ನು ಇರಿಯದೆ ಇರುವುದು ಹೇಗೆ?

ಈ ಪ್ರಶ್ನೆಗೆ ಉತ್ತರವನ್ನು ತತ್ತ್ವಗ್ರಂಥಗಳಲ್ಲಿ ಅರಸುವುದಕ್ಕಿಂತ ಶರಣರ ನಡೆಯಲ್ಲಿ ಅರಸುವುದು ಲೇಸು. ಕಲ್ಯಾಣದಲ್ಲಿ ಒಂದು ಬಡ ಸಂಸಾರದ ಹೊಸ್ತಿಲಲ್ಲಿ, ಒಂದು ಗಂಟು ಅಕ್ಕಿಯ ಮುಂದೆ, ಹೆಂಡತಿಯೊಬ್ಬಳು ಗಂಡನಿಗೆ ಆಡಿದ ನಾಲ್ಕು ಮಾತುಗಳಲ್ಲಿ ಆ ಉತ್ತರ ಅಡಗಿದೆ. ಆಕೆ ಆಯ್ದಕ್ಕಿ ಲಕ್ಕಮ್ಮನವರು.

ವಿನಯವೂ ದಾಕ್ಷಿಣ್ಯವೂ

ಮೊದಲು ಪದಗಳ ವಿಚಾರ. ಕನ್ನಡದಲ್ಲಿ ವಿನಯ, ಸೌಜನ್ಯ, ದಾಕ್ಷಿಣ್ಯ ಎಂಬ ಮೂರು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಇವುಗಳ ನಡುವೆ ಸೂಕ್ಷ್ಮವಾದ ಅಂತರವಿದೆ. ವಿನಯವು ಎದುರಿಗಿರುವವರ ಯೋಗ್ಯತೆಯನ್ನು ಕಂಡು ತಾನಾಗಿ ಬಾಗುವ ಗುಣ. ದಾಕ್ಷಿಣ್ಯವು ಎದುರಿಗಿರುವವರು ಏನೆಂದುಕೊಂಡಾರೋ ಎಂಬ ಅಳುಕಿನಿಂದ ಹುಟ್ಟುವಂಥದು. ವಿನಯವುಳ್ಳವನು ಸತ್ಯವನ್ನು ತಗ್ಗಿದ ದನಿಯಲ್ಲಿ ಹೇಳುತ್ತಾನೆ. ದಾಕ್ಷಿಣ್ಯಕ್ಕೆ ಬಿದ್ದವನು ಸತ್ಯವನ್ನೇ ನುಂಗಿಕೊಳ್ಳುತ್ತಾನೆ. ಹೊರಗಿನಿಂದ ನೋಡಿದರೆ ಇಬ್ಬರೂ ಸೌಮ್ಯರಾಗಿಯೇ ಕಾಣುತ್ತಾರೆ. ಬಸವಣ್ಣನವರು ಬಿಟ್ಟದ್ದು ದಾಕ್ಷಿಣ್ಯವನ್ನು. ವಿನಯವನ್ನು ಅವರು ಎಂದೂ ಬಿಟ್ಟವರಲ್ಲ.

ಹಾಗೆಯೇ ನಿಷ್ಠುರತೆಗೂ ಪಾರುಷ್ಯಕ್ಕೂ ಭೇದವಿದೆ. ನಿಷ್ಠುರತೆ ವಿಷಯಕ್ಕೆ ಸಂಬಂಧಿಸಿದ್ದು. ಅದು ನ್ಯಾಯದ ಗೆರೆಯನ್ನು ಅಳಿಸಲು ಒಪ್ಪುವುದಿಲ್ಲ. ಪಾರುಷ್ಯವು ವ್ಯಕ್ತಿಗೆ ಸಂಬಂಧಿಸಿದ್ದು. ಅದು ಎದುರಿಗಿರುವವನನ್ನು ಕುಗ್ಗಿಸಿ ತಾನು ಹಿಗ್ಗಲು ಹವಣಿಸುತ್ತದೆ. ಈ ಭೇದವನ್ನು ಅರಿತವನಿಗೆ ಬಸವಣ್ಣನವರ ಎರಡು ಮಾತುಗಳಲ್ಲಿ ವಿರೋಧ ಕಾಣದು. ಆದರೆ ಭೇದವನ್ನು ಅರಿಯುವುದು ಬೇರೆ, ಮಾತು ಬಾಯಿಂದ ಹೊರಡುವ ಗಳಿಗೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಬೇರೆ. ಲಕ್ಕಮ್ಮನವರ ಹಿರಿಮೆ ಇರುವುದು ಈ ಎರಡನೆಯದರಲ್ಲಿ.

ಆಕರಗಳು

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂಬುದು ಪರಂಪರೆಯ ಮಾತು. ಇಬ್ಬರ ಅಂಕಿತಗಳೂ ಇದಕ್ಕೆ ಹೊಂದಿಕೊಳ್ಳುತ್ತವೆ. ಮಾರಯ್ಯನವರದು ‘ಅಮರೇಶ್ವರಲಿಂಗ’, ಲಕ್ಕಮ್ಮನವರದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಬಸವಣ್ಣನವರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ ಬಂದು ನೆಲೆಸಿದ ಇವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮದಾಸೋಹವನ್ನು ನಡೆಸುತ್ತಿದ್ದರು. ಹೆಸರಿನ ಹಿಂದಿನ ‘ಆಯ್ದಕ್ಕಿ’ ಎಂಬ ವಿಶೇಷಣ ಆ ಕಾಯಕದಿಂದಲೇ ಬಂದುದು.

ಇವರ ಪ್ರಸಂಗವು ವಿಸ್ತಾರವಾಗಿ ದೊರೆಯುವುದು ಶೂನ್ಯಸಂಪಾದನೆಯಲ್ಲಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಈ ಸಂಪಾದನೆಯನ್ನು ಅನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿ ಬೆಳೆಸಿದರು. ಆಧುನಿಕ ಕಾಲದಲ್ಲಿ ೧೯೩೦ರಲ್ಲಿ ಫ. ಗು. ಹಳಕಟ್ಟಿಯವರೂ ೧೯೫೮ರಲ್ಲಿ ಸಂ. ಶಿ. ಭೂಸನೂರಮಠರೂ ಶೂನ್ಯಸಂಪಾದನೆಯನ್ನು ಸಂಪಾದಿಸಿ ಪ್ರಕಟಿಸಿದರು. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯದಿಂದ ಲಕ್ಕಮ್ಮನವರಂಥ ವಚನಕಾರ್ತಿಯರ ವಚನಗಳು ಸಾಮಾನ್ಯ ಓದುಗರ ಕೈಗೂ ಎಟುಕುವಂತಾದವು.

ಇಲ್ಲಿ ಒಂದು ಎಚ್ಚರ ಅಗತ್ಯ. ಶೂನ್ಯಸಂಪಾದನೆಯ ಸಂವಾದಗಳು ಹನ್ನೆರಡನೆಯ ಶತಮಾನದ ಗೋಷ್ಠಿಗಳ ಯಥಾವತ್ತಾದ ವರದಿಗಳಲ್ಲ. ಬೇರೆ ಬೇರೆಯಾಗಿ ಉಳಿದು ಬಂದ ವಚನಗಳನ್ನು ಸಂಕಲನಕಾರರು ಸುಮಾರು ಮೂರು ಶತಮಾನಗಳ ಅನಂತರ ಪ್ರಶ್ನೋತ್ತರಗಳಾಗಿ ಹೆಣೆದರು. ಆದುದರಿಂದ ಸಂದರ್ಭದ ಜೋಡಣೆ ಸಂಕಲನಕಾರರದು, ನುಡಿಯ ತಿರುಳು ವಚನಕಾರ್ತಿಯದು ಎಂದು ತಿಳಿಯುವುದು ಯುಕ್ತ. ಮುಂದಿನ ವಿವೇಚನೆ ಮುಖ್ಯವಾಗಿ ನುಡಿಯನ್ನೇ ಆಶ್ರಯಿಸಿದೆ.

ನಿಂತ ಕಾಯಕ

ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟಿದ ಜಗತ್ಪ್ರಸಿದ್ಧವಾದ ಮಾತು ಮಾರಯ್ಯನವರ ವಚನದ್ದೆಂಬುದು ಸಾಹಿತ್ಯ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಕಾಯಕದಲ್ಲಿ ನಿರತನಾದವನು ಪೂಜೆಯನ್ನು ಮರೆತರೂ ದೋಷವಿಲ್ಲವೆಂಬುದು ಅವರ ನಿಲುವು. ಅಂತಹ ಮಾರಯ್ಯನವರೇ ಒಂದು ದಿನ ಪ್ರಭುದೇವರೊಡನೆ ಅನುಭಾವಗೋಷ್ಠಿಯಲ್ಲಿ ಮಗ್ನರಾಗಿ ತಮ್ಮ ಕಾಯಕವನ್ನು ಮರೆತರು. ಪೂಜೆಗಿಂತ ಕಾಯಕ ಮೇಲೆಂದವರು ಮಾತಿನ ಸವಿಯಲ್ಲಿ ಕಾಯಕವನ್ನು ಕಳೆದುಕೊಂಡರು.

ಆಗ ಲಕ್ಕಮ್ಮನವರು ಹೇಳಿದ್ದು ಬಹಳ ಕಡಿಮೆ. ಕೆಲಸ ನಿಂತುಹೋಗಿದೆ, ಹೊರಡಬೇಕು ಎಂಬಷ್ಟೇ ಅದರ ಸಾರ. ಗಂಡನನ್ನು ಆಕೆ ಕರೆಯುವುದು ‘ಆಳ್ದ’ ಎಂಬ ಗೌರವದ ಸಂಬೋಧನೆಯಿಂದ. ಆದರೆ ವಿಷಯದಲ್ಲಿ ಎಳ್ಳಷ್ಟೂ ಸಡಿಲಿಕೆಯಿಲ್ಲ. ಕಾಯಕದ ಹಿರಿಮೆಯನ್ನು ಹಾಡಿದವರು ನೀವೇ ಅಲ್ಲವೇ ಎಂದು ಆಕೆ ಹಂಗಿಸಬಹುದಾಗಿತ್ತು. ಹಂಗಿಸಲು ಇಷ್ಟು ಒಳ್ಳೆಯ ಅವಕಾಶ ಸಂಸಾರದಲ್ಲಿ ಪದೇ ಪದೇ ದೊರೆಯುವುದಿಲ್ಲ. ಆಕೆ ಆ ಅವಕಾಶವನ್ನು ಬಿಟ್ಟುಕೊಟ್ಟರು. ನಿಂತದ್ದು ಕಾಯಕ, ಅದು ಮತ್ತೆ ನಡೆಯಬೇಕು, ಮಾತು ಅಷ್ಟಕ್ಕೇ ಸೀಮಿತವಾಯಿತು. ಗೆಲ್ಲಬೇಕೆಂಬ ಹಂಬಲವಿದ್ದ ಕಡೆ ಮಾತು ಬೆಳೆಯುತ್ತದೆ; ಕೆಲಸವಾಗಬೇಕೆಂಬ ಕಳಕಳಿಯಿದ್ದ ಕಡೆ ಮಾತು ಚಿಕ್ಕದಾಗುತ್ತದೆ.

ಮಿಗಿಲಾದ ಅಕ್ಕಿ

ಎಚ್ಚೆತ್ತ ಮಾರಯ್ಯನವರು ಕಾಯಕಕ್ಕೆ ಹೋದರು. ಆದರೆ ಅಂದು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ತಡವಾದುದನ್ನು ತುಂಬಿಕೊಡುವ ಉತ್ಸಾಹವೋ, ಅಂಗಳದಲ್ಲಿ ಅಂದು ಹೆಚ್ಚು ಬಿದ್ದಿದ್ದಿತೋ, ಗಂಟಂತೂ ದೊಡ್ಡದಾಯಿತು. ಬಸವಣ್ಣನವರೇ ದಂಪತಿಗಳ ನಿಲುವನ್ನು ಒರೆಗೆ ಹಚ್ಚಲು ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರೆಂದು ಪರಂಪರೆ ಹೇಳುತ್ತದೆ.

ಬಡವರ ಮನೆಗೆ ನಾಲ್ಕು ಹಿಡಿ ಅಕ್ಕಿ ಹೆಚ್ಚಾಗಿ ಬಂದರೆ ಅದು ಹಬ್ಬದ ದಿನ. ತಂದವನು ಗಂಡ, ಕಳವು ಮಾಡಿ ತಂದುದಲ್ಲ, ಬೇಡಿ ತಂದುದಲ್ಲ, ನೆಲದಲ್ಲಿ ಬಿದ್ದುದನ್ನು ಆಯ್ದು ತಂದುದು. ಇಂತಹ ಗಂಟನ್ನು ಹಿಂದಿರುಗಿಸಿರೆಂದು ಹೇಳುವುದು ಸುಲಭವಲ್ಲ. ಹೇಳದೆ ಬಿಡಲು ಸಾವಿರ ಕಾರಣಗಳಿದ್ದವು: ಗಂಡ ದಣಿದು ಬಂದಿದ್ದಾನೆ, ಈಗತಾನೇ ಒಮ್ಮೆ ಎಚ್ಚರಿಸಿಯಾಗಿದೆ, ಅಕ್ಕಿಯಾದರೂ ಜಂಗಮರ ಎಡೆಗೇ ಸಲ್ಲುತ್ತದೆ. ದಾಕ್ಷಿಣ್ಯವು ಮಾತನಾಡುವುದು ಇಂತಹ ಸಮಯದಲ್ಲಿಯೇ. ಲಕ್ಕಮ್ಮನವರು ಆ ಮಾತಿಗೆ ಕಿವಿಗೊಡಲಿಲ್ಲ. ಆಕೆಯ ಎರಡು ಚಿಕ್ಕ ವಚನಗಳು ಈ ಸಂದರ್ಭಕ್ಕೆ ಸಲ್ಲುತ್ತವೆ. ಅವುಗಳ ರಚನೆಯನ್ನು ಬಿಡಿಸಿ ನೋಡಿದರೆ ಆಕೆಯ ವಿವೇಕ ಎಂತಹದೆಂದು ತಿಳಿಯುತ್ತದೆ.

ಮೊದಲನೆಯದಾಗಿ, ಆಕೆ ತೀರ್ಪನ್ನು ಕೊಡುವ ಮುನ್ನ ಪ್ರಶ್ನೆಯನ್ನು ಕೇಳುತ್ತಾರೆ. ಹೆಚ್ಚು ತಂದುದು ಮಾರಯ್ಯನವರ ಮನಸ್ಸಿನಿಂದಲೋ ಅಥವಾ ಬಸವಣ್ಣನವರಿಗೆ ಮೂಡಿದ ಅನುಮಾನದಿಂದಲೋ ಎಂಬುದು ಆ ಪ್ರಶ್ನೆ. ಇದು ಗಂಡನಿಗೆ ತೆರೆದಿಟ್ಟ ಬಾಗಿಲು. ತಪ್ಪು ಆತನದೇ ಎಂದು ಆಕೆ ಮೊದಲೇ ನಿರ್ಧರಿಸಿಲ್ಲ. ಆತನು ಅರಿಯದೆ ಇನ್ನೊಬ್ಬರ ಪರೀಕ್ಷೆಗೆ ಸಿಲುಕಿರಬಹುದೆಂಬ ಸಾಧ್ಯತೆಯನ್ನು ತಾನೇ ಮುಂದಿಡುತ್ತಾರೆ. ಆದರೆ ಕಾರಣ ಯಾವುದೇ ಆಗಿರಲಿ, ಆ ಅಕ್ಕಿ ಮನೆಯೊಳಗೆ ಬರಲಾಗದೆಂಬ ಮಾತಿನಲ್ಲಿ ಬದಲಾವಣೆಯಿಲ್ಲ. ಮನುಷ್ಯನಿಗೆ ಅವಕಾಶವುಂಟು, ತಪ್ಪಿಗೆ ಅವಕಾಶವಿಲ್ಲ.

ಎರಡನೆಯದಾಗಿ, ಮಾತಿನುದ್ದಕ್ಕೂ ಗೌರವದ ಬಹುವಚನವಿದೆ. ತಿದ್ದುವ ಗಳಿಗೆಯಲ್ಲಿ ಏಕವಚನಕ್ಕೆ ಇಳಿಯುವುದು ಜನರ ಸಹಜ ಪ್ರವೃತ್ತಿ. ಸಿಟ್ಟು ಮೊದಲು ಕೆಡಿಸುವುದು ಸರ್ವನಾಮವನ್ನು. ಲಕ್ಕಮ್ಮನವರ ನುಡಿಯಲ್ಲಿ ಆ ಜಾರುವಿಕೆಯಿಲ್ಲ.

ಮೂರನೆಯದು ಇನ್ನೂ ಸೂಕ್ಷ್ಮವಾದುದು. ಆಸೆಯು ಅರಸರಿಗೆ ಸೇರಿದ ಗುಣ, ರೋಷವು ಯಮನ ಕಡೆಯವರಿಗೆ ಸೇರಿದ ಗುಣ, ಭಕ್ತರಿಗೆ ಇವೆರಡೂ ಹೊಂದುವುದಿಲ್ಲ ಎಂಬುದು ಆಕೆಯ ವಾದದ ಸಾರ. ಇಲ್ಲಿ ಗಂಡನನ್ನು ಆಸೆಬುರುಕನೆಂದು ಕರೆದಿಲ್ಲ. ಆಸೆಯು ಆತನ ಸ್ವಭಾವಕ್ಕೆ ಹೊರಗಿನದೆಂದು ಹೇಳಿದೆ. ತಿದ್ದುವ ಮಾತೇ ಆತನನ್ನು ಭಕ್ತರ ಸಾಲಿನಲ್ಲಿ ನಿಲ್ಲಿಸುತ್ತದೆ. ಅಷ್ಟೇ ಅಲ್ಲ, ಆಸೆಯ ಜೊತೆಗೆ ರೋಷವನ್ನೂ ಹೆಸರಿಸಿದ್ದು ಅರ್ಥಪೂರ್ಣವಾಗಿದೆ. ಆಸೆಯ ಭಯವಿದ್ದುದು ಅಕ್ಕಿ ತಂದವರಿಗೆ. ರೋಷದ ಭಯವಿದ್ದುದು ತಿದ್ದುವವರಿಗೆ. ಗಂಡನ ಎದುರು ಒಂದು ಗೆರೆಯನ್ನು ಎಳೆಯುವಾಗಲೇ ಆಕೆ ತಮ್ಮ ಎದುರಿಗೂ ಒಂದು ಗೆರೆಯನ್ನು ಎಳೆದುಕೊಂಡರು.

ನಾಲ್ಕನೆಯದಾಗಿ, ಮುಂದೆ ಏನು ಮಾಡಬೇಕೆಂಬುದನ್ನು ಆಕೆ ಸ್ಪಷ್ಟವಾಗಿ ತಿಳಿಸುತ್ತಾರೆ. ಬಂದ ಕಡೆಯಲ್ಲಿಯೇ ಅದನ್ನು ಸುರಿದು ಹಿಂದಿರುಗಬೇಕು ಎಂಬುದು ಆ ಸೂಚನೆ. ಇದು ಪ್ರಾಯಶ್ಚಿತ್ತದ ಭಾರವಲ್ಲ, ಪಶ್ಚಾತ್ತಾಪದ ಪ್ರದರ್ಶನವೂ ಅಲ್ಲ. ಕೆಲವೇ ಹೆಜ್ಜೆಗಳ ಕೆಲಸ. ಸುರಿದು ಬಂದರೆ ವಿಷಯ ಅಲ್ಲಿಗೆ ಮುಗಿಯಿತು. ಹಳೆಯ ತಪ್ಪುಗಳ ಪಟ್ಟಿ ಅದಕ್ಕೆ ಅಂಟಿಕೊಳ್ಳುವುದಿಲ್ಲ.

ಅಂಕಿತದ ಸಾಕ್ಷಿ

ಲಕ್ಕಮ್ಮನವರ ಅಂಕಿತದಲ್ಲಿ ಗಂಡನ ಹೆಸರಿರುವುದನ್ನು ಕಂಡು, ಆಕೆಯದು ಪತಿವ್ರತೆಯ ಮಾತು, ಸ್ವತಂತ್ರ ನಿಲುವಲ್ಲ ಎಂದು ಭಾವಿಸುವವರುಂಟು. ಈ ಪ್ರಸಂಗದಲ್ಲಿ ಆ ಅಂಕಿತವು ಮಾಡುವ ಕಾರ್ಯವನ್ನು ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ. ಮಾರಯ್ಯನಿಗೆ ಪ್ರಿಯವಾದ ಅಮರೇಶ್ವರಲಿಂಗಕ್ಕೆ ಈ ಅಕ್ಕಿ ಸಲ್ಲದು ಎಂದಾಗ ಆಕೆ ಕರೆಯುವ ಸಾಕ್ಷಿ ಗಂಡನ ಇಷ್ಟದೈವವೇ. ತನಗೆ ಇದು ಹಿಡಿಸದು ಎಂದು ಆಕೆ ಹೇಳಲಿಲ್ಲ. ಹಾಗೆ ಹೇಳಿದ್ದರೆ ಅದು ಇಬ್ಬರ ಇಚ್ಛೆಗಳ ತಿಕ್ಕಾಟವಾಗುತ್ತಿದ್ದಿತು. ಗಂಡನು ತಾನಾಗಿ ಒಪ್ಪಿಕೊಂಡ ಅಳತೆಗೋಲಿನಿಂದಲೇ ಆತನ ನಡೆಯನ್ನು ಅಳೆದರು. ಅಳತೆಗೋಲು ಆತನದೇ ಆದುದರಿಂದ ಸೋಲು ಎಂಬ ಮಾತೇ ಹುಟ್ಟಲಿಲ್ಲ. ಮಾರಯ್ಯನವರು ತಮ್ಮ ನಿಲುವಿಗೇ ಹಿಂದಿರುಗಿದರು.

ಇದೆಲ್ಲಕ್ಕಿಂತ ಮಿಗಿಲಾದ ಸಂಗತಿ ಇನ್ನೊಂದಿದೆ. ಅಕ್ಕಿಯನ್ನು ಹಿಂದಿರುಗಿಸಿದರೆ ಬರಿದಾಗುವುದು ಯಾರ ಮಡಕೆ? ಲಕ್ಕಮ್ಮನವರದೇ. ಅಟ್ಟು ಬಡಿಸಬೇಕಾದವರು ಆಕೆ. ನಾಳೆಗೆ ಏನೆಂಬ ಚಿಂತೆ ಮೊದಲು ಮುಟ್ಟುವುದು ಆಕೆಯನ್ನು. ತನಗೆ ಖರ್ಚಿಲ್ಲದ ಕಟ್ಟುನಿಟ್ಟನ್ನು ಇನ್ನೊಬ್ಬರ ಮೇಲೆ ಹೇರುವವನ ಮಾತು ಎಷ್ಟು ಮೃದುವಾಗಿದ್ದರೂ ಚುಚ್ಚುತ್ತದೆ. ತಾನು ಮೊದಲು ತೆತ್ತು ಅನಂತರ ಕೇಳುವವನ ಮಾತು ಎಷ್ಟು ಖಂಡಿತವಾಗಿದ್ದರೂ ಒಪ್ಪಿತವಾಗುತ್ತದೆ. ನಿಷ್ಠುರತೆ ಉದ್ಧಟತನವಾಗದಂತೆ ಕಾಯುವುದು ದನಿಯ ಇಂಪಿಗಿಂತ ಹೆಚ್ಚಾಗಿ ಈ ತ್ಯಾಗವೇ.

ಕೊಡುವವರಿಗೆ ಕೊಟ್ಟ ಉತ್ತರ

ಈ ಮಾತು ಮಾರಯ್ಯನವರೊಬ್ಬರಿಗೇ ಸಲ್ಲುವಂಥದಲ್ಲ. ಅಕ್ಕಿ ಮಹಾಮನೆಯದು, ಅದರ ಒಡೆಯರು ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು. ಚೆಲ್ಲಿದ ಅಕ್ಕಿಯನ್ನು ಆಯುವವರೆಗೆ ಅದು ಕಾಯಕ. ಆಯುವವರಿಗಾಗಿಯೇ ಚೆಲ್ಲಿದ ಅಕ್ಕಿಯನ್ನು ತಂದರೆ ಅದು ದಾನ. ಕಾಯಕದ ಅಕ್ಕಿಯಿಂದ ಮಾಡಿದ ದಾಸೋಹ ದಂಪತಿಗಳದು. ದಾನದ ಅಕ್ಕಿಯಿಂದ ಮಾಡಿದ ದಾಸೋಹ ಬಸವಣ್ಣನವರದೇ ಆಗುತ್ತದೆ. ಲಕ್ಕಮ್ಮನವರು ಕಾಪಾಡಿದ್ದು ಈ ಗೆರೆಯನ್ನು. ದೊಡ್ಡವರ ಔದಾರ್ಯವನ್ನು ಬೇಡವೆನ್ನುವುದು ಸಣ್ಣವರ ಕೃತ್ಯವನ್ನು ತಿದ್ದುವುದಕ್ಕಿಂತ ಕಷ್ಟತರವಾದುದು. ಅಲ್ಲಿ ದಾಕ್ಷಿಣ್ಯವು ಕೃತಜ್ಞತೆಯ ವೇಷವನ್ನು ಧರಿಸಿ ಬರುತ್ತದೆ. ಆಕೆ ಬಸವಣ್ಣನವರನ್ನು ನಿಂದಿಸಲಿಲ್ಲ, ಅವರ ಅಂಗಳವನ್ನು ಬಿಟ್ಟು ಹೋಗಲಿಲ್ಲ. ಹೆಚ್ಚಾದುದಷ್ಟೇ ಹಿಂದಕ್ಕೆ ಹೋಯಿತು. ಬಡತನವಿರುವುದು ಹಣದಲ್ಲಿ, ಶುದ್ಧವಾದ ಮನಸ್ಸಿಗೆ ಅದು ತಟ್ಟುವುದಿಲ್ಲ ಎಂಬ ಅರ್ಥದ ಆಕೆಯ ವಚನವು ಈ ನಡೆಗೆ ಬರೆದ ಭಾಷ್ಯದಂತಿದೆ.

ಮುಂದೆ ಮಾರಯ್ಯನವರು ಮಡದಿಯಿಂದಲೇ ಅರಿವಿನ ಮಾರ್ಗವನ್ನು ಕೇಳಿ ತಿಳಿಯುವುದನ್ನು ಶೂನ್ಯಸಂಪಾದನೆ ಚಿತ್ರಿಸುತ್ತದೆ. ಒರಟಾಗಿ ತಿದ್ದಿಸಿಕೊಂಡವನು ತಿದ್ದಿದವರನ್ನು ತಪ್ಪಿಸಿಕೊಂಡು ತಿರುಗುತ್ತಾನೆ. ಮಾರಯ್ಯನವರು ಇನ್ನಷ್ಟು ಕೇಳಲು ಬಂದರು. ಲಕ್ಕಮ್ಮನವರ ಮಾತಿನಲ್ಲಿ ನೋಯಿಸುವ ಅಂಶವಿರಲಿಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಡ.

ಇತರ ಶರಣೆಯರು

ವಚನಗಳನ್ನು ರಚಿಸಿದ ಶರಣೆಯರ ಸಂಖ್ಯೆ ಮೂವತ್ತನ್ನು ಮೀರುತ್ತದೆ. ಅವರಲ್ಲಿ ಈ ಗುಣವನ್ನು ತೋರಿದವರು ಲಕ್ಕಮ್ಮನವರೊಬ್ಬರೇ ಅಲ್ಲ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ದುಃಖದಲ್ಲಿ ಮುಳುಗಿದ್ದ ಮುಕ್ತಾಯಕ್ಕನವರು ಎದುರಿಗೆ ಬಂದ ಪ್ರಭುದೇವರ ಕೀರ್ತಿಗೆ ಬೆರಗಾಗಿ ತಲೆಬಾಗಲಿಲ್ಲ. ನೆಲೆಯನ್ನು ಮುಟ್ಟಿದವರಿಗೆ ಇಷ್ಟು ಮಾತಿನ ಗೊಡವೆ ಏಕೆ ಎಂಬ ಅರ್ಥದ ಆಕ್ಷೇಪವನ್ನು ಅವರ ಮುಂದೆಯೇ ಇಟ್ಟರು. ಸಮಾಧಾನ ದೊರೆಯುವವರೆಗೆ ಪ್ರಶ್ನೆಯನ್ನು ಬಿಡಲಿಲ್ಲ. ದೊರೆತ ಮೇಲೆ ಹಟವನ್ನು ಹಿಡಿಯಲಿಲ್ಲ.

ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯವರನ್ನು ಪ್ರಭುದೇವರು ಪರೀಕ್ಷಿಸಿದ ಸಂದರ್ಭ ಎಲ್ಲರಿಗೂ ಪರಿಚಿತ. ಉಡುಗೆಯನ್ನು ತೊರೆದವರು ಕೂದಲಿನಿಂದ ಮೈಯನ್ನು ಮರೆಸಿಕೊಂಡುದೇಕೆ ಎಂಬ ಪ್ರಶ್ನೆ ತುಂಬಿದ ಸಭೆಯಲ್ಲಿ ಬಂದಿತು. ಅಕ್ಕನವರು ಕುಗ್ಗಲಿಲ್ಲ, ಕೆರಳಲೂ ಇಲ್ಲ. ಒಳಗಿನ ಪಕ್ವತೆಗೂ ಹೊರಗಿನ ಸಿಪ್ಪೆಗೂ ಇರುವ ಸಂಬಂಧವನ್ನು ಹಣ್ಣಿನ ದೃಷ್ಟಾಂತದಿಂದ ತಿಳಿಸಿ, ನೋಡುವವರ ಮನಸ್ಸು ನೋಯಬಾರದೆಂದು ಮೈ ಮರೆಸಿದ್ದಾಗಿ ಉತ್ತರಿಸಿದರು. ಪ್ರಶ್ನೆ ತನ್ನ ಮರ್ಯಾದೆಯನ್ನು ಕೆಣಕಿದಾಗಲೂ ಎದುರಿನವರ ಹಿತವನ್ನು ನೆನೆಯಬಲ್ಲವರ ಧೈರ್ಯ ಅದು.

ಈ ಮೂರು ಪ್ರಸಂಗಗಳಲ್ಲಿ ಕೇಳಿದವರ ಯೋಗ್ಯತೆಯನ್ನೂ ಮರೆಯುವಂತಿಲ್ಲ. ಮಾರಯ್ಯನವರು ಗಂಡನೆಂಬ ಅಹಂಕಾರವನ್ನು ಬಿಟ್ಟು ಅಕ್ಕಿಯನ್ನು ಹೊತ್ತು ಹಿಂದಕ್ಕೆ ನಡೆದರು. ಪ್ರಭುದೇವರು ಪ್ರಶ್ನಿಸಿದ ಶರಣೆಯರನ್ನು ಉದ್ಧಟರೆಂದು ದೂರಲಿಲ್ಲ, ಕೊಂಡಾಡಿದರು. ನೇರವಾದ ಮಾತನ್ನು ಅವಿನಯವೆಂದು ಕರೆಯುವುದು ಅನೇಕ ವೇಳೆ ಕೇಳುವವರ ದೋಷ. ವಿಶೇಷವಾಗಿ ಆಡಿದವರು ಹೆಣ್ಣಾಗಿದ್ದರೆ, ಬಡವರಾಗಿದ್ದರೆ, ಕಿರಿಯರಾಗಿದ್ದರೆ ಆ ದೋಷಾರೋಪಣೆ ಬಹು ಬೇಗ ಬರುತ್ತದೆ. ಅನುಭವಮಂಟಪದ ಹಿರಿಮೆ ಅಲ್ಲಿ ಆಡಿದ ಮಾತುಗಳಲ್ಲಿ ಇರುವಷ್ಟೇ ಅಲ್ಲಿ ಕೇಳಿದ ಕಿವಿಗಳಲ್ಲಿಯೂ ಇದೆ.

ಫಲದ ಹಂಗಿಲ್ಲದ ನುಡಿ

ಹಾಗೆಂದು ವಿನಯದಿಂದ ಕೂಡಿದ ನಿಷ್ಠುರ ನುಡಿ ಎಲ್ಲೆಡೆಯಲ್ಲಿಯೂ ಗೆಲ್ಲುತ್ತದೆಂದು ಭ್ರಮಿಸಬೇಕಾಗಿಲ್ಲ. ಬಸವಣ್ಣನವರು ಬಿಜ್ಜಳನ ಸೇವೆಯನ್ನು ನಿಷ್ಠೆಯಿಂದ ಮಾಡಿದರು, ಆದರೆ ಆತನಿಗೆ ಅಂಜಿ ತತ್ತ್ವವನ್ನು ಬಿಡಲಿಲ್ಲ. ಹರಳಯ್ಯ ಮಧುವರಸರ ಮಕ್ಕಳ ವಿವಾಹದ ಕಾರಣದಿಂದ ಅರಸನ ಕೋಪವು ಶರಣರ ಮೇಲೆ ಎರಗಿತೆಂದೂ, ಶರಣರು ಉಳವಿ ಮೊದಲಾದೆಡೆಗೆ ಚದುರಿದರೆಂದೂ ಪರಂಪರೆ ಹೇಳುತ್ತದೆ. ಬಿಜ್ಜಳನ ಆಳಿಕೆ ೧೧೬೭ರ ಸುಮಾರಿಗೆ ಕೊನೆಗೊಂಡಿತು. ಅರಮನೆಯಲ್ಲಿ ಮಾರಯ್ಯನವರಂಥ ಕಿವಿ ಇರಲಿಲ್ಲ. ಶರಣರ ನುಡಿ ಕಾರ್ಯಸಾಧನೆಯ ಉಪಾಯವಾಗಿದ್ದರೆ ಅಂದೇ ಅದು ಸುಳ್ಳಾಗುತ್ತಿದ್ದಿತು. ಫಲ ದೊರೆಯಲಿ ಬಿಡಲಿ ಸತ್ಯವನ್ನು ನುಡಿಯುವುದು, ನುಡಿಯುವಾಗ ಕೇಳುವವನ ಮನುಷ್ಯತ್ವವನ್ನು ಉಳಿಸುವುದು, ಇವೆರಡೂ ಅವರಿಗೆ ಆಚಾರವಾಗಿದ್ದವು.

ಮನೆಯಲ್ಲಿ, ಮಠದಲ್ಲಿ, ಸಭೆಯಲ್ಲಿ ಹೇಳಲೇಬೇಕಾದ ಮಾತು ಗಂಟಲಲ್ಲಿ ಸಿಕ್ಕಿಕೊಂಡಾಗ ಲಕ್ಕಮ್ಮನವರ ಹೊಸ್ತಿಲನ್ನು ನೆನೆಯುವುದು ಉಚಿತ. ನಿಂತದ್ದು ಯಾವುದು, ಹೆಚ್ಚಾದದ್ದು ಯಾವುದು ಎಂಬುದನ್ನು ಮೊದಲು ತಿಳಿಯಬೇಕು; ಅದನ್ನು ಹಿಂದಿರುಗಿಸಿದರೆ ತನ್ನ ಮಡಕೆಯೂ ಬರಿದಾಗುವುದೇ ಎಂದು ತನ್ನನ್ನು ತಾನು ಕೇಳಿಕೊಳ್ಳಬೇಕು. ಆಗುವುದಾದರೆ ಮಾತನ್ನು ಆಡಬಹುದು. ಕಲ್ಯಾಣದ ಅರಮನೆಯ ಭಂಡಾರದಲ್ಲಿ ಎಷ್ಟು ಹೊನ್ನಿದ್ದಿತೆಂಬುದನ್ನು ಇಂದು ಯಾರೂ ಕೇಳುವುದಿಲ್ಲ. ಅಂಗಳಕ್ಕೆ ಮರಳಿದ ಆ ಕೆಲವು ಹಿಡಿ ಅಕ್ಕಿಯ ಲೆಕ್ಕ ಮಾತ್ರ ಎಂಟು ಶತಮಾನಗಳಾಚೆಗೂ ಕನ್ನಡಿಗರ ನೆನಪಿನಲ್ಲಿ ಉಳಿದಿದೆ.